ಪೀಲಾ ಗುಂಬದಿನ ನೀಲಿ ಗೋಡೆ

ಅತ್ತೆಯನ್ನು ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿ ಬಂದ ಮಾರನೆಯ ಬೆಳಿಗ್ಗೆ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಏಕನಾಥ ಹೋದ ಮೇಲೆ ಯಾರೂ ಇಲ್ಲದ ಬೆಳಗು ಅದೇ ಮೊದಲು. ನೀರು ಬರುವ ಹೊತ್ತಿಗೆ ಎದ್ದು ಮೋಟರ್ ಹಾಕಿದೆ. ಬೂತಿನಿಂದ ಹಾಲು ತಂದೆ. ಟೀ ಮಾಡಿ, ಕುಡಿಯುವುದು ಮರೆತು, ಮತ್ತೆ ಬಿಸಿ ಮಾಡಿದೆ. ಎದುರು ಬ್ಲಾಕಿನವರು ಸ್ಟಾರ್ಟ್ ಆಗದ ಕಾರಿನ ಜೊತೆ ಒದ್ದಾಡುತ್ತಿದ್ದರು. ಎಲ್ಲವೂ ಮೊದಲಿನ ಹಾಗೇ ಇತ್ತು.

ಬಾಗಿಲು ತಟ್ಟಿದ್ದು ಇಸ್ತ್ರಿ ಭಯ್ಯಾ. ಇಲ್ಲಿ ಪಾಕೆಟ್ ಎನ್ನುವ ನಮ್ಮ ವಸತಿ ಬ್ಲಾಕುಗಳ ಗೇಟಿನ ಹತ್ತಿರ, ಬೇವಿನ ಮರದ ಕೆಳಗೆ ಅವನ ಮೇಜು. ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದವನು ಹಿಂದಿನ ದಿನವಷ್ಟೇ ಬಂದಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ಏಕನಾಥನ ಅಂಗಿಗಳ ಗಂಟನ್ನು ಕೈಗಿಟ್ಟು, ತಡವಾಯಿತು, ಸಾಬ್ ಬೈದುಕೊಂಡರಾ ಎಂದು ಕೇಳಿದ. ಇಲ್ಲ ಎಂದೆ. ಸಾಬ್ ಟೂರ್ ಹೋಗಿದ್ದಾರಾ ಎಂದ. ಹೌದು ಎಂದೆ. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಹೊರಟವನು ಮೆಟ್ಟಿಲಲ್ಲಿ ನಿಂತು ತಿರುಗಿದ.

"ಅಡಿಯಲ್ಲಿರೋದು ನೋಡ್ಕೊಳ್ಳಿ ಮೇಡಂ. ಮನೆಗೆ ಕೊಡಬೇಡ, ನಾನೇ ಬಂದು ತಗೊಂಡು ಹೋಗ್ತೀನಿ ಅಂದಿದ್ರು ಸಾಬ್. ನಾನು ಬೀಗ ಹಾಕಿ ಊರಿಗೆ ಹೋಗ್ಬಿಟ್ಟೆ."

ಅಂಗಿಗಳನ್ನು ಒಂದೊಂದಾಗಿ ಎತ್ತಿಟ್ಟೆ. ಅವು ನನಗೆ ಗೊತ್ತಿದ್ದವು. ಅಡಿಯಲ್ಲಿದ್ದದ್ದು ಗೊತ್ತಿರಲಿಲ್ಲ.

ಇಟ್ಟಿಗೆ ಬಣ್ಣದ ಒರಟು ಖಾದಿ. ಅದರ ಮೇಲೆ ಒಂದಿಷ್ಟೂ ಜಾಗ ಬಿಡದೆ ಅರಿಶಿನ ಬಣ್ಣದ ರೇಷ್ಮೆಯ ಕಸೂತಿ. ಫುಲ್ಕಾರಿ. ಪಂಜಾಬಿನ ಕಡೆ ಮದುಮಗಳಿಗೆ ಹೊದಿಸುವ ದೊಡ್ಡ ಹೊದಿಕೆ. ಹೌಜ್ ಖಾಸ್ ವಿಲೇಜಿನ ಬೊಟೀಕುಗಳಲ್ಲಿ ಗಾಜಿನ ಹಿಂದೆ ತೂಗುಹಾಕಿದ್ದನ್ನು ನೋಡಿದ್ದೆ. ಇದು ಅವುಗಳಿಗಿಂತ ಹಳೆಯದು. ಮೂಗಿಗೆ ಹಿಡಿದರೆ ನುಸಿಗುಳಿಗೆ, ಅದರ ಕೆಳಗೆ ಸಾಸಿವೆ ಎಣ್ಣೆ. ಯಾರೋ ಹೆಂಗಸಿನ ಪೆಟ್ಟಿಗೆಯ ವಾಸನೆ.

ಮನೆಗೆ ಕೊಡಬೇಡ ಎಂದರೆ ನನಗೆ ಕೊಡಬೇಡ ಎಂದು.

ಅದನ್ನು ಮಡಿಸಿ ದಿವಾನಿನ ಪೆಟ್ಟಿಗೆಯೊಳಗೆ ಇಟ್ಟೆ. ನನ್ನ ಮನೆಯಲ್ಲಿ ನಾನೇ ಏನನ್ನೋ ಬಚ್ಚಿಡುತ್ತಿದ್ದೇನೆ ಎಂದು ಆಮೇಲೆ ಅನ್ನಿಸಿತು.

ಅತ್ತೆ ಶಾಂತಮ್ಮ ರೈಲಿನ ಕಿಟಕಿಯಿಂದ ಒಂದೇ ಮಾತು ಹೇಳಿ ಹೋಗಿದ್ದರು. ಅಳಬೇಡ ಎಂದಲ್ಲ, ಊಟ ಮಾಡು ಎಂದೂ ಅಲ್ಲ. "ಅವನು ಯಾರ ಹತ್ರನಾದ್ರೂ ಏನಾದ್ರೂ ಇಸ್ಕೊಂಡಿದ್ರೆ ನೋಡಿ ವಾಪಸ್ ಕೊಟ್ಬಿಡಮ್ಮ. ಖಾಲಿ ಕೊಡಬೇಡ, ಏನಾದ್ರೂ ಜೊತೆಗಿಟ್ಟು ಕೊಡು. ಹೋದವರಿಗೆ ಅದು ಕಾಲಿಗೆ ಸುತ್ಕೊಳ್ಳುತ್ತೆ." ನಾನು ಹೂಂ ಎಂದಿದ್ದೆ. ಏಕನಾಥ ಎರವಲು ತರುವವನಲ್ಲ ಎಂದುಕೊಂಡಿದ್ದೆ.

ಅವನು ಸತ್ತದ್ದು ಮಥುರಾ ರಸ್ತೆಯಲ್ಲಿ, ಬದರ್ಪುರದ ಹತ್ತಿರ, ಮಂಜಿನಲ್ಲಿ. ಮೆಟ್ರೋ ಕೆಲಸಕ್ಕೆ ರಸ್ತೆಯನ್ನು ಅರ್ಧ ಮುಚ್ಚಿದ್ದ ಕಡೆ ಒಂದು ಟ್ರಕ್ಕು ಅವನ ಬೈಕಿನ ಮೇಲೆ ಬಂತು. ಆ ಬೆಳಿಗ್ಗೆ ಸೈಟಿಗೆ ಹೋಗುತ್ತೇನೆ ಎಂದು ಹೇಳಿ ಹೊರಟಿದ್ದ. ಸೈಟು ಇರುವುದು ಹೌಜ್ ಖಾಸಿನ ಆಚೆ. ವಸಂತ್ ಕುಂಜಿನಿಂದ ಅಲ್ಲಿಗೆ ಹೋಗುವವನು ಬದರ್ಪುರದ ದಾರಿ ಹಿಡಿಯುವುದಿಲ್ಲ. ಇದು ಮನೆಗೆ ಬಂದವರಿಗೆಲ್ಲ ಹೊಳೆದಿತ್ತು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಎಲ್ಲರೂ ಚಾಪೆ ನೋಡುತ್ತ ಕೂತಿದ್ದರು.

ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಿದ್ದ ಅವನ ಮೊಬೈಲನ್ನು ಆ ದಿನ ಮೊದಲ ಸಲ ಚಾರ್ಜಿಗೆ ಹಾಕಿದೆ. ಗಾಜು ಒಡೆದಿತ್ತು, ಹೆಸರುಗಳು ಕಾಣುತ್ತಿದ್ದವು. ಸಾಯುವ ಹಿಂದಿನ ಸಂಜೆ ಅವನು ಒಂದು ನಂಬರಿಗೆ ಬಹಳ ಹೊತ್ತು ಮಾತಾಡಿದ್ದ. ಭಾಗವಂತಿ, ಫರೀದಾಬಾದ್.

ನಾನು ಇತಿಹಾಸದಲ್ಲಿ ಎಂ.ಫಿಲ್. ಮಾಡಿದವಳು. ಒಂದು ಸಂಗತಿಯಿಂದ ಏನನ್ನೂ ತೀರ್ಮಾನಿಸಬಾರದು, ಮೂರು ಸೇರಿದರೆ ಯೋಚಿಸಬಹುದು ಎಂದು ಕಲಿತವಳು. ಒಂದು ರಸ್ತೆ, ಒಂದು ಬಟ್ಟೆ, ಒಂದು ಹೆಸರು. ಮೂರೂ ಸೇರಿದ್ದವು.

ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಗಂಡಸು. ಹಿಂದೆ ಯಾವುದೋ ಮೆಷಿನ್ನಿನ ಸದ್ದು. ಭಾಗವಂತಿಯವರು ಇದ್ದಾರಾ ಎಂದೆ. ನೀವು ಯಾರು ಎಂದ. ನಾನು ಏಕನಾಥನ ಹೆಸರು ಹೇಳಿದೆ, ಅಷ್ಟೇ. ಅವನು ಮುಂದಕ್ಕೆ ಹೇಳಲು ಬಿಡಲಿಲ್ಲ.

"ಹೇಳಿ ಆ ಎಂಜಿನಿಯರ್‌ಗೆ. ಸಾಮಾನು ತಂದು ಇಟ್ಟುಹೋಗಲಿ. ಇಲ್ಲಾಂದ್ರೆ ನಾನು ಠಾಣೆಗೆ ಹೋಗ್ತೀನಿ, ಆಮೇಲೆ ಅಳಬೇಡಿ ಅಂತ ಹೇಳಿ."

ಫೋನ್ ಇಟ್ಟುಬಿಟ್ಟ. ನಾನು ಅಡುಗೆಮನೆಗೆ ಹೋಗಿ ತಣ್ಣಗಾಗಿದ್ದ ಟೀಯನ್ನು ಸಿಂಕಿಗೆ ಚೆಲ್ಲಿದೆ. ಹೆಂಗಸಿನ ಜೊತೆಗೆ ಈಗ ಕಳ್ಳತನವೂ ಸೇರಿತ್ತು. ಯಾವುದು ಹೆಚ್ಚು ಎಂದು ನಾನು ನನ್ನನ್ನೇ ಕೇಳಿಕೊಂಡೆ.

ಆ ಸಂಜೆಯೇ ಸೂರ್ಯನಾರಾಯಣ ಸರ್ ಬಂದರು. ಜೊತೆಗೆ ಅವರ ಹೆಂಡತಿ ಲೀಲಾವತಿ ಆಂಟಿ, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ. ಹಳೆಯ ಕಟ್ಟಡಗಳನ್ನು ಸರಿಪಡಿಸುವ ಸಂಸ್ಥೆ ಸರ್ ಅವರದು. ಏಕನಾಥ ಅಲ್ಲಿ ಐದು ವರ್ಷ ಕೆಲಸ ಮಾಡಿದ. ಸರ್ ಮೈಸೂರಿನವರು, ಏಕನಾಥನನ್ನು ತುಮಕೂರಿನಿಂದ ಕರೆದು ತಂದವರೇ ಅವರು. ಅಂತ್ಯಸಂಸ್ಕಾರದ ದಿನ ಲೋಧಿ ರಸ್ತೆಯ ಸ್ಮಶಾನದಲ್ಲಿ ಎಲ್ಲ ಓಡಾಟ ಅವರದೇ. ಅವರ ಮೇಲೆ ನನಗೆ ಗೌರವವಿತ್ತು. ಈಗಲೂ ಇಲ್ಲವೆಂದು ಹೇಳಲಾರೆ.

ಅವರು ದಿವಾನಿನ ಮೇಲೆ ಕೂತರು. ಬಟ್ಟೆ ಅವರ ಕೆಳಗಿತ್ತು.

ಮೊದಲು ಬೇರೆ ಮಾತು. ನೀರು ಸರಿಯಾಗಿ ಬರುತ್ತದಾ, ಮನೆಯ ಮಾಲೀಕರು ಏನಂದರು, ತುಮಕೂರಿಗೆ ಹೋಗುವ ಯೋಚನೆ ಇದೆಯಾ. ಆಮೇಲೆ ಏಕನಾಥನ ಸೈಟು, ಆ ಪೀಲಾ ಗುಂಬದಿನ ಕೆಲಸ ಮುಗಿಯುತ್ತ ಬಂತು, ಮುಂದಿನ ವರ್ಷದ ಗೇಮ್ಸಿಗೆ ವಿದೇಶದಿಂದ ಬರುವವರಿಗೆ ತೋರಿಸುವ ಕಟ್ಟಡಗಳಲ್ಲಿ ಅದೂ ಒಂದು, ಹೋಳಿಗೆ ಮೊದಲೇ ಉದ್ಘಾಟನೆ ಎಂದರು. ನಾನು ತಲೆಯಾಡಿಸುತ್ತಿದ್ದೆ.

"ಏಕನಾಥ ಸೈಟಿಂದ ಏನಾದ್ರೂ ಮನೆಗೆ ತಂದಿದ್ನೇನಮ್ಮ?" ಎಂದರು.

"ಏನಾದ್ರೂ ಅಂದ್ರೆ?"

"ಅಚ್ಛಾ, ಏನಾದ್ರೂ. ಹಳೇದು. ಬಟ್ಟೆಗಿಟ್ಟೆ."

ಕಲ್ಲು, ಹೆಂಚು, ಮರದ ತುಂಡು ಎನ್ನಬಹುದಿತ್ತು. ಗುಂಬದಿನಲ್ಲಿ ಸಿಗುವಂಥವು ಅವು. ಬಟ್ಟೆ ಎಂದರು.

"ಸ್ವಂತ ಕನ್ನಡಕ ಎಲ್ಲಿಟ್ಟಿದೀರಿ ಅಂತ ಗೊತ್ತಿರಲ್ಲ, ಇನ್ನೊಬ್ಬರ ಮನೇಲಿ ಬಟ್ಟೆ ಹುಡುಕ್ತೀರ" ಎಂದರು ಲೀಲಾವತಿ ಆಂಟಿ. ನಗಿಸುವುದಕ್ಕೆ ಹೇಳಿದ್ದು. ಯಾರೂ ನಗಲಿಲ್ಲ.

ನಾನು ನೋಡಿಲ್ಲ ಎಂದೆ. ಸರ್ ಆಗ ಸ್ವಲ್ಪ ಬಿಚ್ಚಿ ಹೇಳಿದರು. ಫರೀದಾಬಾದಿನಿಂದ ಒಬ್ಬ ಮನುಷ್ಯ ಆಫೀಸಿಗೆ ದಿನಾ ಫೋನ್ ಮಾಡಿ ಕಿರುಚುತ್ತಿದ್ದಾನೆ. ನಿಮ್ಮ ಎಂಜಿನಿಯರು ನಮ್ಮ ತಾಯಿಯ ಹಳೆಯ ಸಾಮಾನು ಹಾರಿಸಿದ್ದಾನೆ ಎನ್ನುತ್ತಾನೆ. ಉದ್ಘಾಟನೆಯ ಹೊತ್ತಿನಲ್ಲಿ ಇದು ಪತ್ರಿಕೆಯವರ ಕಿವಿಗೆ ಬೀಳಬಾರದು.

"ಹೋದವನ ಹೆಸರು ಕೆಡಬಾರದಲ್ಲಮ್ಮ. ಸಿಕ್ಕಿದ್ರೆ ನನ್ನ ಕೈಗೆ ಕೊಡು. ಸದ್ದಿಲ್ಲದೆ ನಾನು ಮುಗಿಸ್ತೀನಿ."

ಮುಗಿಸುವುದು ಎಂದರೆ ಏನು ಎಂದು ಕೇಳಬೇಕೆನಿಸಿತು. ಅವರು ಹಿಂದಿರುಗಿಸಿದರೆ ಏಕನಾಥ ಕದ್ದದ್ದನ್ನು ಸಂಸ್ಥೆ ಹಿಂದಿರುಗಿಸಿದ ಹಾಗಾಗುತ್ತದೆ. ಹಿಂದಿರುಗಿಸದಿದ್ದರೆ ಅವನು ಕದ್ದದ್ದು ಕದ್ದದ್ದೇ. ಎರಡರಲ್ಲೂ ಅವನು ಕಳ್ಳ. ಬೇರೆ ಏನಾದರೂ ಆಗಿದ್ದಿರಬಹುದು ಎಂಬ ದಾರಿಯೇ ಅವರ ಮಾತಿನಲ್ಲಿ ಇರಲಿಲ್ಲ.

ಹುಡುಕಿ ನೋಡುತ್ತೇನೆ ಎಂದೆ. ಹೊರಡುವಾಗ ಆಂಟಿ ನನ್ನ ಕೈ ಹಿಡಿದು, ಡಬ್ಬಿ ವಾಪಸ್ ಕೊಡುವ ಅವಸರ ಇಲ್ಲ ಎಂದರು. ಸರ್ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಮನೆಯ ಗೋಡೆ, ಅಲಮಾರು, ಪುಸ್ತಕದ ಕಪಾಟು ಎಲ್ಲವನ್ನೂ ಒಂದು ಸುತ್ತು ನೋಡಿದರು. ಕಟ್ಟಡ ನೋಡುವವರು ಹಾಗೆ ನೋಡುತ್ತಾರೆ ಎಂದು ಮೊದಲಾಗಿದ್ದರೆ ಅಂದುಕೊಳ್ಳುತ್ತಿದ್ದೆ.

ಅವರು ಹೋದ ಮೇಲೆ ಬಟ್ಟೆಯನ್ನು ತೆಗೆದು ನೆಲದ ಮೇಲೆ ಪೂರ್ತಿ ಹಾಸಿದೆ. ಬೆಳಿಗ್ಗೆ ಹಾಗೆ ನೋಡಿರಲಿಲ್ಲ. ಉದ್ದನೆಯ ಒಂದು ಅಂಚಿನಲ್ಲಿ ತೂತುಗಳಿದ್ದವು. ಹುಳು ತಿಂದವಲ್ಲ. ಪ್ರತಿಯೊಂದರ ಸುತ್ತಲೂ ತುಕ್ಕಿನ ಕಂದು ಕಲೆ. ಎರಡು ತೂತು ಹತ್ತಿರ ಹತ್ತಿರ, ಒಂದು ಮೊಳ ಬಿಟ್ಟು ಇನ್ನೊಂದು, ಅಲ್ಲಿಂದ ಒಂದು ಗೇಣಿಗೆ ಮತ್ತೊಂದು, ಆಮೇಲೆ ದೂರ ದೂರ. ಯಾರೋ ಇದನ್ನು ಮೊಳೆಗಳಿಗೆ ತೂಗುಹಾಕಿದ್ದರು. ಒಂದು ದಿನ ಎರಡು ದಿನವಲ್ಲ, ತುಕ್ಕು ಇಳಿಯುವಷ್ಟು ಕಾಲ. ಮದುವೆಯ ಹೊದಿಕೆಗೆ ಯಾರೂ ಹಾಗೆ ಮಾಡುವುದಿಲ್ಲ.

ಮೊಳೆಗಳ ಸಾಲು. ಅದನ್ನು ನಾನು ಎಲ್ಲೋ ನೋಡಿದ್ದೆ.

ದೀಪಾವಳಿಗೆ ಮೊದಲು ಏಕನಾಥ ನನ್ನನ್ನು ಪೀಲಾ ಗುಂಬದಿಗೆ ಕರೆದುಕೊಂಡು ಹೋಗಿದ್ದ. ಕ್ಯಾಲೆಂಡರುಗಳಲ್ಲಿ, ಪೋಸ್ಟ್‌ಕಾರ್ಡುಗಳಲ್ಲಿ ಬರುವ ಗೋರಿ ಅದು. ಗುಮ್ಮಟದ ಮೇಲೆ ಹಳದಿ ಹೆಂಚಿನ ಚೂರುಗಳು ಇನ್ನೂ ಉಳಿದಿರುವುದರಿಂದ ಆ ಹೆಸರು. ಹೊರಗಿನಿಂದ ಎಲ್ಲರೂ ನೋಡಿರುತ್ತಾರೆ. ಒಳಗೆ ಬೀಗ. ಅವನು ಬೀಗ ತೆಗೆಸಿ ತೋರಿಸಿದ. ಒಳಗೆ ಎಂಟು ಮೂಲೆ, ಮೂಲೆಗೊಂದು ಮಂಚ ಹಿಡಿಸುವಷ್ಟು ಆಳವಾದ ಗೂಡು. ದೇಶ ಒಡೆದಾಗ ಆ ಕಡೆಯಿಂದ ಬಂದವರು ಎರಡು ಮೂರು ವರ್ಷ ಅದರೊಳಗೆ ಸಂಸಾರ ಮಾಡಿದ್ದರಂತೆ, ಗೂಡಿಗೊಂದು ಮನೆ. ಒಬ್ಬರು ಗೂಡಿನೊಳಗೆ ಕೆಮ್ಮಣ್ಣು ಬಳಿದಿದ್ದರು, ಒಬ್ಬರು ಹಸಿರು. ಒಂದು ಗೂಡು ಪೂರ್ತಿ ನೀಲಿ. ಕೆಲವು ಕಡೆ ಒಲೆಯ ಮಸಿ, ಇಟ್ಟಿಗೆಯ ಕಟ್ಟೆ, ಮಡಕೆ ಇಡಲು ಕೊರೆದ ಗುಂಡಿ. ನೀಲಿ ಗೂಡಿನ ಮೇಲೆ ಗೋಡೆಯಲ್ಲಿ ಮೊಳೆಗಳ ಸಾಲು. ಏಕನಾಥ ಆ ಗೂಡಿನ ಮುಂದೆ ಬಹಳ ಹೊತ್ತು ನಿಂತಿದ್ದ. ಇದೆಲ್ಲ ಏನು ಮಾಡುತ್ತೀರಿ ಎಂದು ನಾನು ಕೇಳಿದ್ದೆ. "ಕಾಗದದಲ್ಲಿ ಇದಕ್ಕೆ ನಂತರದ ಸೇರ್ಪಡೆ ಅಂತಾರೆ" ಎಂದಿದ್ದ. ಅದು ಉತ್ತರವಾಗಿರಲಿಲ್ಲ.

ಬೆಳಿಗ್ಗೆ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಗಾರ್ಡ್ ನನ್ನ ಮುಖ ಗುರುತಿಸಿದ. ಮೇಡಂ, ಬಹಳ ಕೆಟ್ಟದಾಯಿತು ಎಂದ. ಒಳಗೆ ಬಿಡಬಾರದು ಎಂದಿದ್ದಾರೆ ಎಂದೂ ಹೇಳಿದ. ಯಾರು ಹೇಳಿದ್ದು, ಯಾವಾಗ ಎಂದು ಕೇಳಿದೆ. ದೊಡ್ಡ ಸಾಹೇಬರು, ನಿನ್ನೆ ರಾತ್ರಿ ಎಂದ. ಅವರು ನನ್ನ ಮನೆಯಿಂದ ಹೋದ ಮೇಲೆ. ನಾನು ಅಲ್ಲೇ ನಿಂತೆ. ವಿಧವೆಯನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳಲು ಅವನಿಗೂ ಆಗಲಿಲ್ಲವೇನೋ, ಬೀಗ ತೆಗೆದು ದೂರ ಹೋಗಿ ಮೊಬೈಲ್ ಕಿವಿಗಿಟ್ಟುಕೊಂಡ.

ಒಳಗೆ ನೀಲಿ ಇರಲಿಲ್ಲ.

ಕೆಮ್ಮಣ್ಣು ಇರಲಿಲ್ಲ, ಹಸಿರು ಇರಲಿಲ್ಲ, ಮಸಿ ಇರಲಿಲ್ಲ. ಎಂಟು ಮೂಲೆಯೂ ಕೆನೆಯ ಬಣ್ಣದ ಹೊಸ ಸುಣ್ಣದ ಗಾರೆಯಲ್ಲಿ ಒಂದೇ ಸಮ ಇದ್ದವು. ಚೆನ್ನಾಗಿಯೇ ಇತ್ತು. ಫೋಟೋದಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ. ಹೊಸಬರು ಯಾರಾದರೂ ಬಂದರೆ, ಐನೂರು ವರ್ಷ ಇಲ್ಲಿ ಸತ್ತವನೊಬ್ಬನನ್ನು ಬಿಟ್ಟು ಬೇರೆ ಯಾರೂ ಇರಲೇ ಇಲ್ಲ ಎಂದುಕೊಳ್ಳುತ್ತಾರೆ.

ನಾನು ನೋಡಿದ ಗೂಡು ಬಾಗಿಲಿನ ಎಡಕ್ಕೆ ಇತ್ತೋ ಬಲಕ್ಕೋ ಮೊದಲು ಗೊತ್ತಾಗಲಿಲ್ಲ. ಎಲ್ಲ ಗೂಡುಗಳೂ ಒಂದೇ ಆಗಿದ್ದವು. ಒಂದೊಂದರ ಹತ್ತಿರ ಹೋಗಿ ತಲೆಯೆತ್ತಿ ನೋಡಿದೆ. ಎಡಗಡೆಯ ಎರಡನೆಯದರ ಮೇಲೆ ಗಾರೆಯಲ್ಲಿ ಸಣ್ಣ ಸಣ್ಣ ತೇಪೆಗಳು ಕಂಡವು. ಗೋಡೆಗಿಂತ ಅವು ಒಂದಿಷ್ಟು ಗಾಢ, ಒಂದು ಕಾಸಿನ ಅಗಲ. ಸುಣ್ಣದವರು ಬಿಟ್ಟುಹೋಗಿದ್ದ ಸ್ಟೂಲನ್ನು ಎಳೆದು ಹತ್ತಿದೆ. ಬಟ್ಟೆಯ ಮೂಲೆಯನ್ನು ಮೊದಲ ತೇಪೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಪಕ್ಕದ ತೂತು ಪಕ್ಕದ ತೇಪೆಯ ಮೇಲೆ ಕೂತಿತು. ಒಂದು ಮೊಳ ಬಿಟ್ಟು ಮೂರನೆಯದು. ಗೇಣಿಗೆ ನಾಲ್ಕನೆಯದು. ಅದರಾಚೆ ನನ್ನ ಕೈ ಹೋಗಲಿಲ್ಲ.

ಬಟ್ಟೆ ನನ್ನ ಕೈಯಿಂದ ಗೂಡಿನ ಅರ್ಧವನ್ನು ಮುಚ್ಚಿಕೊಂಡು ಇಳಿಬಿತ್ತು. ಅದರ ಹಿಂದೆ ಒಂದು ಕೋಣೆ ಆಯಿತು. ಇದು ಪರದೆ. ಇದನ್ನು ಇಲ್ಲಿ ಕಟ್ಟಿಕೊಂಡು ಯಾರೋ ಹೆಂಗಸು ಮಲಗಿದ್ದಾಳೆ.

ಮೊಬೈಲ್ ಬಡಿದುಕೊಂಡಿತು. ಸ್ಟೂಲಿನಿಂದ ಇಳಿದೆ. ಸೂರ್ಯನಾರಾಯಣ ಸರ್.

ಅಲ್ಲಿ ಏನಮ್ಮ ಕೆಲಸ, ಹೇಳಿದ್ದರೆ ನಾನೇ ಕರೆದುಕೊಂಡು ಹೋಗುತ್ತಿದ್ದೆನಲ್ಲ ಎಂದರು. ನೀಲಿ ಎಲ್ಲಿ ಹೋಯಿತು ಎಂದೆ. ಅವರು ಪಾಠ ಹೇಳುವ ಧ್ವನಿಯಲ್ಲಿ, ಐನೂರು ವರ್ಷದ ಗೋಡೆಯ ಮೇಲೆ ಯಾರೋ ಮೂರು ವರ್ಷ ಒಲೆ ಹಚ್ಚಿದರೆ ಅದು ಇತಿಹಾಸವಲ್ಲ, ಗಲೀಜು, ಗಲೀಜನ್ನು ತೆಗೆಯುವುದೇ ನಮ್ಮ ಕೆಲಸ ಎಂದರು. ಕಾಗದಗಳಲ್ಲೂ ಹಾಗೇ ಇದೆಯಂತೆ, ಒಳಗೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ ಎಂದು. ಅದಕ್ಕೇ ಫರೀದಾಬಾದಿನ ಆ ಮನುಷ್ಯ, ಅವನ ತಾಯಿ, ಆ ಬಟ್ಟೆ ಇವರಿಗೆ ಬೇಡವಾಗಿದ್ದವು. ಏನೂ ಇರಲಿಲ್ಲ ಎಂದ ಜಾಗದಿಂದ ಒಂದು ಪರದೆ ಎದ್ದು ಬರಬಾರದು.

"ಯಾರು ಕೆರೆಸಿದ್ದು?" ಎಂದೆ.

"ಏಕನಾಥನೇ ಕಣಮ್ಮ." ಧ್ವನಿ ಮೆತ್ತಗಾಯಿತು. "ನಾನು ಮಾಡು ಅಂದೆ, ನಿಜ. ಅವನು ಒಂದು ವಾರ ಮುಖ ಉಬ್ಬಿಸ್ಕೊಂಡಿದ್ದ. ಆಮೇಲೆ ತಾನೇ ನಿಂತು ಎರಡು ದಿನದಲ್ಲಿ ಮುಗಿಸಿದ. ನನ್ನ ಮೇಲೆ ಅನುಮಾನ ಪಡ್ತಿದೀಯ. ಪಡು. ಆದ್ರೆ ಇದು ಸುಳ್ಳಲ್ಲ."

ಸತ್ತವನ ಮೇಲೆ ಯಾರು ಏನನ್ನು ಬೇಕಾದರೂ ಹೊರಿಸಬಹುದು. ಹಾಗೆ ಅಂದುಕೊಂಡು ಫೋನ್ ಇಟ್ಟೆ. ಗಾರ್ಡ್ ದೂರ ನಿಂತು ನನ್ನ ಚೀಲವನ್ನೇ ನೋಡುತ್ತಿದ್ದ. ಅದನ್ನು ಎದೆಗೊತ್ತಿಕೊಂಡು ಅವನ ಮುಂದೆಯೇ ನಡೆದು ಹೋದೆ. ಅವನು ತಡೆಯಲಿಲ್ಲ.

ಮನೆಗೆ ಹೋಗಲಿಲ್ಲ. ಹೋದರೆ ಸರ್ ಅಲ್ಲಿರುತ್ತಾರೆ ಎನ್ನಿಸಿತು. ಫರೀದಾಬಾದಿನ ನಂಬರಿಗೆ ಮತ್ತೆ ಫೋನ್ ಮಾಡಿ, ಸಾಮಾನು ತರುತ್ತಿದ್ದೇನೆ, ವಿಳಾಸ ಹೇಳಿ ಎಂದೆ. ಆ ಗಂಡಸು ಹೇಳಿದ. ಬಸ್ ಬದಲಿಸಿ ಬದರ್ಪುರಕ್ಕೆ ಬಂದಾಗ ಬಿಸಿಲು ಚೆನ್ನಾಗಿತ್ತು. ಮೆಟ್ರೋ ಕೆಲಸದ ನೀಲಿ ತಗಡಿನ ಬೇಲಿ ರಸ್ತೆಯ ಉದ್ದಕ್ಕೂ ಇತ್ತು. ಆ ಜಾಗ ಎಲ್ಲಿ ಎಂದು ನನಗೆ ಯಾರೂ ತೋರಿಸಿರಲಿಲ್ಲ. ಬೇಲಿ ಮುಗಿಯುವವರೆಗೂ ನೋಡುತ್ತ ಕೂತೆ. ಬಸ್ಸು ಅಲ್ಲೆಲ್ಲೂ ನಿಲ್ಲಲಿಲ್ಲ.

ಇಳಿದ ಕಡೆ ಗಾಡಿಯಲ್ಲಿ ಕಿತ್ತಳೆಯಂಥ ಕಿನ್ನೂ ಹಣ್ಣು ಮಾರುತ್ತಿದ್ದರು. ಒಂದು ಕಿಲೋ ಕೊಂಡೆ. ಖಾಲಿ ಕೊಡಬಾರದಲ್ಲ.

ದೇಶ ಒಡೆದ ಮೇಲೆ ಬಂದವರಿಗೆಂದು ಕಟ್ಟಿಸಿದ ಬಡಾವಣೆ ಅದು. ಚಿಕ್ಕ ಮನೆಗಳು ಮೇಲಕ್ಕೂ ಮುಂದಕ್ಕೂ ಬೆಳೆದು, ಮೊದಲು ಹೇಗಿದ್ದವು ಎಂದು ಈಗ ಹೇಳಲಾಗದು. ಹೇಳಿದ ಮನೆಯ ಮುಂಭಾಗದ ಕೋಣೆಯಲ್ಲಿ ಲೇತ್ ಮೆಷಿನ್ ಓಡುತ್ತಿತ್ತು. ಅದರ ಮುಂದಿದ್ದ ಐವತ್ತು ದಾಟಿದ ಗಂಡಸು ಕೈ ಒರೆಸಿಕೊಳ್ಳುತ್ತ ಬಂದ. ಫೋನಿನ ಧ್ವನಿ ಅವನದೇ. ಹೆಸರು ಚಮನ್. ಭಾಗವಂತಿಯ ಮಗ.

ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅವನು ಎಲ್ಲಿ? ಮುಖ ತೋರಿಸೋಕೆ ಆಗದೆ ಹೆಂಡ್ತೀನ ಕಳಿಸಿದ್ನಾ?"

"ಸತ್ತಿದ್ದಾರೆ" ಎಂದೆ. "ಬದರ್ಪುರದ ಹತ್ತಿರ. ಇಲ್ಲಿಗೇ ಬರುತ್ತಿದ್ದರು."

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಫೀಸಿನವರು ಅವನಿಗೆ ಇದನ್ನು ಹೇಳಿಯೇ ಇರಲಿಲ್ಲ. ಅವನು ಹಿಂದೆ ಹೋಗಿ ಮೆಷಿನ್ ನಿಲ್ಲಿಸಿದ.

ಭಾಗವಂತಿ ಒಳಗಿನ ಅಂಗಳದಲ್ಲಿ ಬಿಸಿಲಿಗೆ ಮಂಚ ಹಾಕಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಎರಡೂ ಮಂಡಿಗೆ ಉಣ್ಣೆಯ ಪಟ್ಟಿ, ಮಡಿಲಲ್ಲಿ ಬಿಡಿಸಿದ ಬಟಾಣಿ. ಎರಡು ದಿನ ನಾನು ಯಾವ ಹೆಂಗಸನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದೆನೋ ಅವಳು ಇವರಲ್ಲ. ನನಗೆ ಸಮಾಧಾನ ಆಗಬೇಕಿತ್ತು. ಮಂಚದ ಅಂಚಿನಲ್ಲಿ ಕೂತೆ, ಅಷ್ಟೇ.

ಮಗ ಅವರ ಕಿವಿಯ ಹತ್ತಿರ ಬಗ್ಗಿ ಅವರ ಭಾಷೆಯಲ್ಲಿ ಹೇಳಿದ. ಅವರು ನನ್ನ ಮುಖ ನೋಡಲಿಲ್ಲ, ಚೀಲ ನೋಡಿದರು. ಕೊಡು ಎಂದು ಕೈ ಚಾಚಿದರು. ಬಟ್ಟೆಯನ್ನು ಮಂಚದ ಮೇಲೆ ಹರಡಿ ಅಂಚಿನಿಂದ ಅಂಚಿಗೆ ಬೆರಳಾಡಿಸಿದರು. ಬೇರೆ ಬಟ್ಟೆ ಕೊಟ್ಟು ಮೋಸ ಮಾಡುತ್ತಿದ್ದೇನೆಯೇ ಎಂದು ನೋಡುವ ಹಾಗೆ. ತುಕ್ಕಿನ ತೂತುಗಳ ಮೇಲೆ ಬೆರಳು ಒಂದೊಂದಾಗಿ ನಿಂತು ಮುಂದೆ ಹೋಯಿತು. ಕಸೂತಿಯ ಮೇಲೆ ಬಂದಾಗ ತಡೆಯಿತು. ರೇಷ್ಮೆ ಚಪ್ಪಟೆಯಾಗಿ, ಅಲ್ಲಲ್ಲಿ ಹೊಳಪು ಸತ್ತಿತ್ತು. ಅದನ್ನು ನಾನು ಆವರೆಗೂ ಗಮನಿಸಿರಲಿಲ್ಲ.

"ಇದಕ್ಕೆ ಇಸ್ತ್ರಿ ಹಾಕಿಸಿದವರು ಯಾರು?"

ಗಂಡ ಎಂದೆ. ಇದ್ದಲಿನ ಇಸ್ತ್ರಿ.

"ಫುಲ್ಕಾರಿಗೆ ಯಾವ ಮೂರ್ಖ ಇಸ್ತ್ರಿ ಹಾಕಿಸ್ತಾನೆ?" ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ಮಗನ ಕಡೆ ತಿರುಗಿದರು. "ನೋಡು. ಅಂಗಡಿಗೆ ಮಾರಿಕೊಂಡ ಅಂತ ನಿತ್ಯ ನನ್ನ ತಲೆ ತಿಂದೆಯಲ್ಲ. ಮಾರೋ ಕಳ್ಳ ಇಸ್ತ್ರಿ ಮಾಡಿಸ್ತಾನಾ? ಅಂಗಡಿಯವನು ಇದನ್ನ ಹೀಗೆ ಮುಟ್ತಾನಾ? ಮಡಿಸಿ ಗರಿಗರಿ ಮಾಡಿ ವಾಪಸ್ ಕೊಡಬೇಕು ಅಂತ ಮಾಡಿಸಿದಾನೆ. ಏನೂ ತಿಳಿಯದ ಮದ್ರಾಸಿ."

ಮದ್ರಾಸ್ ಅಲ್ಲ ಬೀಜಿ, ಕರ್ನಾಟಕ ಎಂದು ಚಮನ್ ತಾಯಿಗೆ ಹೇಳಿದ. ಈ ತಿದ್ದುಪಡಿ ಅವನು ಹಿಂದೆಯೂ ಮಾಡಿದ್ದಂತಿತ್ತು. ಮೆಲ್ಲಗೆ, ನನ್ನ ಕಡೆ ನೋಡದೆ, ನಾಳೆ ಆಫೀಸಿಗೆ ಫೋನ್ ಮಾಡಿ ಅವರು ಕದ್ದಿರಲಿಲ್ಲ ಎಂದು ಹೇಳುತ್ತೇನೆ, ಪೂರಾ ಹೇಳುತ್ತೇನೆ ಎಂದ. ಟೀ ತರುತ್ತೇನೆ ಎಂದು ಒಳಗೆ ಹೋದ.

ಆಮೇಲೆ ಬೀಜಿ ಹೇಳಿದ್ದು ಇದು. ಗುಂಬದಿನಲ್ಲಿ ಇದ್ದವರು ಯಾರಾದರೂ ಉಳಿದಿದ್ದಾರೆಯೇ ಎಂದು ಏಕನಾಥ ಗಲ್ಲಿ ಗಲ್ಲಿ ಕೇಳಿಕೊಂಡು ಚಳಿಗಾಲದ ಶುರುವಿನಲ್ಲಿ ಬಂದನಂತೆ. ಬೀಜಿ ಗಡಿಯಾಚೆಯ ಬನ್ನೂ ಕಡೆಯವರು. ಗುಂಬದಿನೊಳಗೇ ಅವರ ಮದುವೆಯಾಯಿತು, ಆಗ ಅವರಿಗೆ ಹದಿನಾರು ವರ್ಷ. ಎಂಟು ಸಂಸಾರಗಳ ನಡುವೆ ಹೊಸ ಜೋಡಿಗೆ ಬಾಗಿಲಿಲ್ಲ. ಅವರ ಅತ್ತೆ ತಮ್ಮ ಮದುವೆಯ ಫುಲ್ಕಾರಿಯನ್ನು ಪೆಟ್ಟಿಗೆಯಿಂದ ತೆಗೆದು ಗೂಡಿಗೆ ಕಟ್ಟಿದರು. ಗಂಡ ಬಟ್ಟೆಗೆ ಹಾಕುವ ನೀಲಿಪುಡಿಯನ್ನು ಸುಣ್ಣಕ್ಕೆ ಕಲಸಿ ಗೋಡೆಗೆ ಬಳಿದ. ಮೊಳೆ ಹೊಡೆಯುವಾಗ ಕಲ್ಲು ಸಿಕ್ಕಿದಲ್ಲಿ ಜರುಗಿಸಿ ಹೊಡೆದ, ಅದಕ್ಕೇ ಅವು ಸಮ ಇರಲಿಲ್ಲ. ಅವನು ಹೋಗಿ ಇಪ್ಪತ್ತು ವರ್ಷ. ಕೆರೆಯುವುದಕ್ಕೆ ಮೊದಲು ಒಂದು ದಿನ ಈ ಪರದೆಯನ್ನು ಅದೇ ಮೊಳೆಗಳಿಗೆ ಹಾಕುತ್ತೇನೆ, ನಿಮ್ಮನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಏಕನಾಥ ಮಾತು ಕೊಟ್ಟು ಇದನ್ನು ಒಯ್ದಿದ್ದ.

"ಹಿಂದಿನ ಸಂಜೆ ಫೋನ್ ಮಾಡಿದ್ದ. ಮಂಡಿ ಹೇಗಿದೆ, ಚಳಿ ಹೇಗಿದೆ ಅಂತ ಅದೂ ಇದೂ. ಪರದೆ ಹಾಕಿದೆಯಾ ಪುತ್ತರ್ ಅಂದೆ. ಬಂದು ಹೇಳ್ತೀನಿ ಬೀಜಿ ಅಂದ. ಯಾಕೋ ಧ್ವನಿ ಸರಿ ಇರಲಿಲ್ಲ."

ಇಸ್ತ್ರಿಯವನ ಮೇಜಿನ ಪೆಟ್ಟಿಗೆಗೆ ಬೀಗ. ಏಕನಾಥ ಈ ಪರದೆ ಇಲ್ಲದೆಯೇ ಇಲ್ಲಿಗೆ ಹೊರಟಿದ್ದ. ಕೆರೆದದ್ದನ್ನು ಮೊದಲು ಹೇಳಿಬಿಡೋಣ ಎಂದಿರಬೇಕು. ಸರ್ ಸುಳ್ಳು ಹೇಳಿರಲಿಲ್ಲ. ತೂಗುಹಾಕಲು ಮೊಳೆ ಉಳಿದಿದ್ದರೆ ಅವನು ಇದನ್ನು ಹಿಂದಿರುಗಿಸಲೆಂದು ಇಸ್ತ್ರಿಗೆ ಕೊಡುತ್ತಿರಲಿಲ್ಲ. ಮನೆಗೆ ತಂದಿದ್ದರೆ ಕೆರೆದದ್ದನ್ನು ನನಗೂ ಹೇಳಬೇಕಾಗುತ್ತಿತ್ತು.

ಬೀಜಿ ಈಗ ನನ್ನ ಮುಖ ನೋಡಿದರು.

"ನೀನು ನೋಡಿದೀಯಾ? ನೀಲಿ ಇದೆಯಾ?"

ಇದೆ ಎನ್ನಬಹುದಿತ್ತು. ಈ ಮಂಡಿಯಲ್ಲಿ ಅವರು ನೋಡಲು ಹೋಗುವವರಲ್ಲ. ಇಸ್ತ್ರಿಯವನಿಗೆ ಹೌದು ಎಂದಷ್ಟೇ ಸುಲಭವಾಗಿ ಹೇಳಬಹುದಿತ್ತು.

"ಇಲ್ಲ. ಎಲ್ಲ ಕೆರೆದಿದ್ದಾರೆ. ಮೊಳೆಗಳೂ ಇಲ್ಲ."

"ಯಾರು?"

"ನನ್ನ ಗಂಡ" ಎಂದೆ. "ಅದನ್ನೇ ಹೇಳೋಕೆ ಬರ್ತಿದ್ರು."

ಬೀಜಿ ಮಡಿಲಿನ ಬಟಾಣಿಯನ್ನು ತಟ್ಟೆಗೆ ಹಾಕಿದರು. ಒಂದು ಕಾಳು ಉರುಳಿ ನೆಲಕ್ಕೆ ಬಿತ್ತು, ಅದನ್ನು ನೋಡಿದರು, ಎತ್ತಿಕೊಳ್ಳಲಿಲ್ಲ. ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿದೆಯೇ ಎಂಬುದೂ ಗೊತ್ತಿಲ್ಲ. ಕೊನೆಗೆ ಮಂಚದ ಹಗ್ಗ ಹಿಡಿದುಕೊಂಡು ಎದ್ದು ನಿಂತರು.

"ಏಳು. ಆ ತುದಿ ಹಿಡಿ."

ಕಿನ್ನೂ ಹಣ್ಣಿನ ಚೀಲವನ್ನು ತಟ್ಟೆಯ ಪಕ್ಕ ಇಟ್ಟೆ. ಎರಡು ತುದಿ ಅವರ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. ಅಂಗಳದಲ್ಲಿ ಎದುರುಬದುರು ನಿಂತು ಬಿಗಿಯಾಗಿ ಎಳೆದೆವು. ಇಸ್ತ್ರಿಯ ಗೆರೆಯ ಮೇಲೆ ನಾನು ಮಡಿಸಹೋದೆ. ಅಲ್ಲಲ್ಲ, ಹಳೆಯ ಮಡಿಕೆ ನೋಡು, ಅದರ ಮೇಲೆ ಎಂದರು. ಹುಡುಕಿದೆ. ನೂಲು ತೆಳುವಾದ ಒಂದು ಗೆರೆ ಬೆರಳಿಗೆ ಸಿಕ್ಕಿತು. ಅದರ ಮೇಲೆ ಮಡಿಸಿಕೊಂಡು ಅವರತ್ತ ನಡೆದೆ, ನನ್ನ ಕೈಯಲ್ಲಿದ್ದ ತುದಿಗಳನ್ನು ಅವರ ಕೈಗೆ ಕೊಟ್ಟೆ.